ಕಂಪ್ಯೂಟರ್ ಗುರುತಿಸದ ಐಪಾಡ್: ಎಲ್ಲರೂ ಡಿಸ್ಕ್ ಎಂದರು, ದೋಷವಿದ್ದದ್ದು ಬ್ಯಾಟರಿಯಲ್ಲಿ

ಸಾಗರದ ಕಡೆಯ ನನ್ನ ಸೋದರಮಾವನ ಬಳಿ ಆಪಲ್ ಕಂಪನಿಯ ಹಾಡಿನ ಪ್ಲೇಯರ್, 30 ಜಿಬಿಯ ಐಪಾಡ್ ಒಂದಿದೆ. ವಿಡಿಯೊ ತೋರಿಸಬಲ್ಲ ಮೊದಲ ಐಪಾಡ್ ಎಂದು 2005ರ ಅಕ್ಟೋಬರ್‌ನಲ್ಲಿ ಬಂದ ಐದನೆಯ ತಲೆಮಾರಿನದು. ನನ್ನ ಅಜ್ಜ ಅರ್ಥ (ಪಾತ್ರದ ಮಾತು) ಹೇಳಿದ ತಾಳಮದ್ದಳೆಗಳ ಧ್ವನಿಮುದ್ರಣ, ಅಂದಾಜು 140 ಗಂಟೆಗಳಷ್ಟು, ಉಳಿದಿದ್ದದ್ದು ಅದರೊಳಗೆ ಮಾತ್ರ. ಹಾಕಿದರೆ ಹಾಡುತ್ತಿತ್ತು, ಚಾರ್ಜ್ ಗುರುತೂ ಕಾಣುತ್ತಿತ್ತು, ಆದರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ‘ಯುಎಸ್‌ಬಿ ಸಾಧನವನ್ನು ಗುರುತಿಸಲಾಗಲಿಲ್ಲ’ ಎಂಬ ಸಂದೇಶ ಬರುತ್ತಿತ್ತು, ಇಲ್ಲವೇ ಒಂದು ಕ್ಷಣ ಡ್ರೈವ್ ಮೂಡಿ ಮಾಯವಾಗುತ್ತಿತ್ತು. ರಿಪೇರಿ ಅಂಗಡಿಯವರೊಬ್ಬರು ಒಳಗಿನ ಹಾರ್ಡ್ ಡಿಸ್ಕ್ ಹೋಗಿದೆ, ಬದಲಿಸಲು ಐದು ಸಾವಿರವಾಗುತ್ತದೆ, ಒಳಗಿನದು ಸಿಗುವ ಭರವಸೆಯಿಲ್ಲ ಎಂದಿದ್ದರು. ಈ ಕೆಲಸ ಬಲ್ಲ ನನ್ನ ಇಬ್ಬರು ಸ್ನೇಹಿತರ ಅಭಿಪ್ರಾಯವೂ ಅದೇ ಆಗಿತ್ತು. ಮಾವ ಅದನ್ನು ನನ್ನ ಕೈಗೆ ಕೊಡುವಾಗ ಹೇಳಿದ್ದು ಇಷ್ಟೇ: “ಅಪ್ಪಯ್ಯನ ಅರ್ಥ ಅದ್ರಲ್ಲೇ ಇದ್ದು ತಮ್ಮಾ, ಹಾಳ್ ಮಾಡಡ.”

ಮೊದಲ ಎರಡು ವಾರಗಳನ್ನು ನಾನೂ ಎಲ್ಲರಂತೆಯೇ ಕಳೆದೆ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ, 30 ಪಿನ್‌ನ ಕಿಂಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದು ಬ್ರಷ್‌ನಿಂದ ತೊಳೆದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಎರಡು ಕೇಬಲ್‌ಗಳಿಗೆ ಸುಮಾರು 450 ರೂಪಾಯಿ ತೆತ್ತೆ. ಅವುಗಳಲ್ಲಿ ಒಂದಕ್ಕೆ ಡೇಟಾ ತಂತಿಗಳೇ ಇರಲಿಲ್ಲ ಎಂಬುದು ಮನೆಗೆ ಬಂದು ಮಲ್ಟಿಮೀಟರ್ ಹಿಡಿದಾಗಲಷ್ಟೇ ತಿಳಿಯಿತು. ಮೆನು ಮತ್ತು ನಡುವಿನ ಗುಂಡಿಯನ್ನು ಒತ್ತಿ ರೀಸೆಟ್ ಮಾಡಿ, ಲೋಗೊ ಮೂಡಿದ ಕೂಡಲೇ ನಡುವಿನ ಗುಂಡಿ ಮತ್ತು ಪ್ಲೇ ಹಿಡಿದು, ಪ್ಲೇಯರ್ ಬರೀ ಡ್ರೈವ್‌ನಂತೆ ವರ್ತಿಸುವ ಡಿಸ್ಕ್ ಮೋಡ್‌ಗೆ ತಂದರೂ ಫಲ ಅದೇ ಆಗಿತ್ತು.

ಸುಳಿವು ಸಿಕ್ಕಿದ್ದು ಪ್ಲೇಯರ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ಡಯಾಗ್ನೋಸ್ಟಿಕ್ ಮೋಡ್‌ನಲ್ಲಿ. ರೀಸೆಟ್ ಆದ ಮೇಲೆ ಪ್ಲೇ ಬದಲು ಹಿಂದಿನ ಹಾಡಿನ ಗುಂಡಿಯನ್ನು ಹಿಡಿದರೆ ಅದು ತೆರೆದುಕೊಳ್ಳುತ್ತದೆ. ಅಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವಾದ ಸ್ಮಾರ್ಟ್ ವಿವರ ನೋಡಿದಾಗ ರೀಅಲಾಕ್ (ಕೆಟ್ಟು ಬದಲಿಸಿದ ಜಾಗಗಳು) ಸೊನ್ನೆ, ಪೆಂಡಿಂಗ್ ಸೆಕ್ಟರ್ (ಕೆಟ್ಟಿರಬಹುದೆಂಬ ಶಂಕೆಯ ಜಾಗಗಳು) ಸೊನ್ನೆ. ಸಾಯುತ್ತಿರುವ ಡಿಸ್ಕಿನ ಲೆಕ್ಕ ಸಾಮಾನ್ಯವಾಗಿ ಹೀಗಿರುವುದಿಲ್ಲ. ಈ ಎರಡು ಸೊನ್ನೆಗಳ ಫೋಟೊ ತೆಗೆದು ಸ್ನೇಹಿತರಿಗೆ ಕಳಿಸಿದೆ. ಆ ಲೆಕ್ಕವನ್ನು ನಂಬಬಾರದು ಎಂಬ ಉತ್ತರ ಬಂತು. ಅವರ ಮಾತಿಗೆ ಸ್ವಲ್ಪ ಮಣಿದು ಡಿಸ್ಕಿನ ರಿಬ್ಬನ್ ಕೇಬಲ್ಲನ್ನೂ ಬದಲಿಸಿದೆ. 350 ರೂಪಾಯಿ ಹೋಯಿತು, ಗುಣವೇನೂ ಕಾಣಲಿಲ್ಲ.

ಆಮೇಲೆ ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸಾಧನಗಳು ಸೇರಿದ್ದು ಕಳಚಿದ್ದು ದಾಖಲಾಗುವ ಕರ್ನಲ್ ಲಾಗ್ ತೆರೆದಿಟ್ಟುಕೊಂಡು ಕುಳಿತೆ. 05ಎಸಿ, 1209 ಎಂಬ, ಈ ಐಪಾಡಿನ ಯುಎಸ್‌ಬಿ ಗುರುತು ಸರಿಯಾಗಿಯೇ ಬರುತ್ತಿತ್ತು, ಅಂದರೆ ಕೇಬಲ್, ಕಿಂಡಿ, ಬೋರ್ಡ್ ಮೂರೂ ಸರಿಯಿದ್ದವು. ಮೂರ್ನಾಲ್ಕು ಸೆಕೆಂಡುಗಳ ನಂತರ ಸಂಪರ್ಕ ಕಡಿದುಹೋಗುತ್ತಿತ್ತು. ಪ್ಲೇಯರನ್ನು ಕಿವಿಗೆ ಹಿಡಿದು ಆಲಿಸಿದಾಗ ಡಿಸ್ಕ್ ತಿರುಗಲು ಶುರುವಾಗುವ ಸಣ್ಣ ಸದ್ದು ಕೇಳಿ, ಅದು ಏರುತ್ತಿರುವಾಗಲೇ ಲಾಗ್‌ನಲ್ಲಿ ಕಡಿತದ ಸಾಲು ಮೂಡುತ್ತಿತ್ತು. ಹತ್ತು ಸಲ ನೋಡಿದೆ, ಹತ್ತು ಸಲವೂ ಹಾಗೆಯೇ ಆಯಿತು.

ಹಾಡು ನುಡಿಸುವಾಗ ಈ ಪ್ಲೇಯರ್ ಡಿಸ್ಕನ್ನು ಕೆಲವೇ ಸೆಕೆಂಡು ತಿರುಗಿಸಿ, ತನ್ನ 32 ಎಂಬಿ ಮೆಮೊರಿಗೆ ತುಂಬಿಸಿಕೊಂಡು, ಡಿಸ್ಕನ್ನು ನಿಲ್ಲಿಸಿಬಿಡುತ್ತದೆ. ಕಂಪ್ಯೂಟರಿಗೆ ಸೇರಿದಾಗಲಾದರೋ ಡಿಸ್ಕ್ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ, ಆ ಹೊತ್ತಿನ ವಿದ್ಯುತ್ ಎಳೆತವನ್ನು ತಾಳಿಕೊಳ್ಳಬೇಕಾದದ್ದು ಬ್ಯಾಟರಿಯೇ. ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿಯ ಬೆಸುಗೆಯ ಮೇಲೆ ಮಲ್ಟಿಮೀಟರ್ ಮೊನೆಗಳನ್ನು ಒತ್ತಿ ಹಿಡಿದೆ. ಸುಮ್ಮನಿದ್ದಾಗ 3.9 ವೋಲ್ಟ್, ಡಿಸ್ಕ್ ತಿರುಗಿದೊಡನೆ ಅದು 3.1ರ ಆಸುಪಾಸಿಗೆ ಕುಸಿಯಿತು, ಪರದೆ ಒಮ್ಮೆ ಮಂಕಾಯಿತು, ಲ್ಯಾಪ್‌ಟಾಪಿನಿಂದ ಸಂಪರ್ಕ ತಪ್ಪಿದ ಸದ್ದು ಬಂತು. ಪೂರ್ತಿ ಚಾರ್ಜ್ ಗುರುತು ತೋರಿಸುವ ಬ್ಯಾಟರಿ ಹೊರೆ ಬಿದ್ದ ಕೂಡಲೇ ಹೀಗೆ ಕುಸಿಯಬಲ್ಲದು ಎಂದು ನಾನು ಹೇಳಿದ್ದನ್ನು ಆವರೆಗೆ ಯಾರೂ ಒಪ್ಪಿರಲಿಲ್ಲ.

ಮುಚ್ಚಳವನ್ನು ಉಕ್ಕಿನ ಅಂಚಿಗೆ ಗೀರು ಬೀಳದಂತೆ ತೆಗೆಯುವ ಬಗೆಯನ್ನು ಮೂರು ಸತ್ತ ಪ್ಲೇಯರ್‌ಗಳ ಮೇಲೆ ಕಲಿತಿದ್ದೇನೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಮುಚ್ಚಳ ಬಿಟ್ಟ ಕೂಡಲೇ ಎಳೆಯಬಾರದು, ಹೆಡ್‌ಫೋನ್ ಜಾಕಿನ ಮತ್ತು ಬ್ಯಾಟರಿಯ ರಿಬ್ಬನ್‌ಗಳು ಎರಡೂ ಭಾಗಗಳನ್ನು ಹಿಡಿದುಕೊಂಡಿರುತ್ತವೆ. ಬ್ಯಾಟರಿಯ ರಿಬ್ಬನ್ ಹಿಡಿದಿರುವ ಕಂದು ಬಣ್ಣದ ಕೊಂಡಿ ಅಕ್ಕಿಕಾಳಿಗಿಂತ ಚಿಕ್ಕದು, ಉಗುರಿನಿಂದ ಮೇಲಕ್ಕೆತ್ತಿದರೆ ಸಾಕು. ಹಿಂದೊಮ್ಮೆ ಅವಸರದಲ್ಲಿ ಅದನ್ನು ಮುರಿದು ಒಂದು ಬೋರ್ಡನ್ನೇ ಕಳೆದುಕೊಂಡಿದ್ದೇನೆ.

ಬ್ಯಾಟರಿ ತರಿಸುವಾಗಲೂ ತಪ್ಪಾಯಿತು. 60 ಜಿಬಿ ಮಾದರಿಯ ದಪ್ಪ ಬ್ಯಾಟರಿ ಬಂತು, ಮುಚ್ಚಳ ಕೂರಲಿಲ್ಲ, ಅದರ 900 ರೂಪಾಯಿ ಮರಳಿ ಬರಲಿಲ್ಲ. ಮುಚ್ಚಳವನ್ನು ತೆರೆದಿಟ್ಟುಕೊಂಡೇ ಅದನ್ನು ಜೋಡಿಸಿ ನೋಡಿದೆ. ಡ್ರೈವ್ ಮೂಡಿತು, ಮಾಯವಾಗದೆ ಉಳಿಯಿತು. ಊಹೆ ನಿಜವಾದದ್ದು ಆ ತಪ್ಪು ಬ್ಯಾಟರಿಯಿಂದಲೇ. ಆಮೇಲೆ ತೆಳುವಾದದ್ದನ್ನು 850 ರೂಪಾಯಿ ಕೊಟ್ಟು ತರಿಸಿದೆ. ಒಟ್ಟು ಎರಡೂವರೆ ಸಾವಿರದಷ್ಟು ಖರ್ಚಾಯಿತು, ನಿಜವಾಗಿ ಬೇಕಾಗಿದ್ದದ್ದು ಆ 850 ಮಾತ್ರ.

ನಡುವೆ, ಹಳೆಯ ಬ್ಯಾಟರಿ ಇದ್ದಾಗಲೇ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬಿನಿಂದ ಕೆಲಸವಾದೀತೇ ಎಂದು ಒಂದು ಸಂಜೆ ಪ್ರಯತ್ನಿಸಿದ್ದೆ. ಸಂಪರ್ಕ ಒಂದೆರಡು ಸೆಕೆಂಡು ಹೆಚ್ಚು ಉಳಿಯಿತು, ಅಷ್ಟೇ. ಹೊರಗಿನಿಂದ ಎಷ್ಟು ಕೊಟ್ಟರೂ ಪ್ಲೇಯರ್ ತನ್ನ ಮಿತಿಯಷ್ಟನ್ನೇ ಎಳೆಯುತ್ತದೆ ಎಂದು ತೋರುತ್ತದೆ. ಡಿಸ್ಕಿನ ಜಾಗದಲ್ಲಿ ಎಸ್‌ಡಿ ಕಾರ್ಡ್ ಕೂರಿಸುವ ಅಡಾಪ್ಟರನ್ನು ನನ್ನದೇ ಇನ್ನೊಂದು ಪ್ಲೇಯರಿಗೆ ಹಾಕಿದ್ದೇನೆ; ಅದರ ಎಳೆತ ಕಡಿಮೆಯಾದ್ದರಿಂದ ದಣಿದ ಬ್ಯಾಟರಿಯಲ್ಲೂ ಕಂಪ್ಯೂಟರಿನೊಡನೆ ಅದರ ಸಂಪರ್ಕ ತಪ್ಪುವುದಿಲ್ಲ.

ಹೊಸ ಬ್ಯಾಟರಿ ಕೂರಿಸಿದ ರಾತ್ರಿ ವಿಂಡೋಸ್ ಮತ್ತೊಮ್ಮೆ ತಡೆಯಿತು. ಕಾರ್ಡ್ ರೀಡರ್ ಹಿಡಿದುಕೊಂಡಿದ್ದ ಡ್ರೈವ್ ಅಕ್ಷರವನ್ನೇ (ಇ, ಎಫ್ ಎಂಬಂಥದ್ದು) ಐಪಾಡಿಗೂ ಕೊಟ್ಟಿದ್ದರಿಂದ ಡ್ರೈವ್ ಕಾಣಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರ ಬದಲಿಸಿದಾಗ ತೆರೆದುಕೊಂಡಿತು. ಮರೆಮಾಡಿದ ಕೋಶಗಳು ಕಾಣುವಂತೆ ಮಾಡಿ, ಒಳಗೆ ಸಾಲಾಗಿದ್ದ, ನಾಲ್ಕಕ್ಷರದ ಹೆಸರುಗಳ ಕಡತಗಳನ್ನೆಲ್ಲ ಎರಡು ಕಡೆಗೆ ನಕಲು ಮಾಡಿದೆ. ಎಂಟು ಜಿಬಿಯಷ್ಟಾಯಿತು. ಹೆಸರು ತಿಳಿಯದ ಮೊದಲ ಕಡತವನ್ನು ತೆರೆದಾಗ ಮದ್ದಳೆಯ ಶ್ರುತಿ ಸರಿಮಾಡಿಕೊಳ್ಳುವ ಸದ್ದು, ಆಮೇಲೆ ಅಜ್ಜ ಕೆಮ್ಮಿ ಗಂಟಲು ಸರಿಪಡಿಸಿಕೊಂಡದ್ದು ಕೇಳಿತು. ಅಷ್ಟು ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು. ಮಾವನಿಗೆ ಫೋನ್ ಮಾಡಿ, ಅದನ್ನು ಸ್ಪೀಕರಿನ ಹತ್ತಿರ ಹಿಡಿದೆ.