ಕಪ್ಪು ಮಾಲಿಗೆ ಹಸಿರಿನ ದರ ಬಿದ್ದದ್ದು ಹೇಗೆ?

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರಿಗೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮಾಲು ಹಸಿರಾದರೆ ಒಂದು ದರ, ಹಳದಿಯಾದರೆ ಇನ್ನೊಂದು. ಒಂದು ಇಫ್ (ಹೀಗಿದ್ದರೆ), ಒಂದು ಎಲ್ಸ್‌ಇಫ್ (ಇಲ್ಲವೇ ಹೀಗಿದ್ದರೆ), ಅಷ್ಟೇ. ಎರಡು ತಿಂಗಳು ಸುಸೂತ್ರವಾಗಿ ನಡೆಯಿತು. ಆಮೇಲೊಂದು ಸಂಜೆ ಫೋನ್ ಬಂತು: "ತಮ್ಮಾ, ಕಪ್ಪು ಮಾಲಿಗೆ ಹಸಿರಿನ ರೇಟ್ ಹಚ್ಚೈತಲ್ಲೋ!"

ಕಪ್ಪು ಮಾಲಿಗೆ ನಾನು ದರವನ್ನೇ ಬರೆದಿರಲಿಲ್ಲ. ಹಾಗಿದ್ದರೆ ಮೊತ್ತ ಸೊನ್ನೆ ಬರಬೇಕಿತ್ತಲ್ಲ? ಆ ಬಿಲ್ ತೆಗೆದು ನೋಡಿದೆ. ಮೊದಲ ಸಾಲು ಹಸಿರು, 15 ಕೆ.ಜಿ.ಯ 20 ಬಾಕ್ಸ್. ಎರಡನೆಯದು ಕಪ್ಪು. ಸಾಲುಗಳೆಲ್ಲ ಲೂಪಿನಲ್ಲಿ, ಅಂದರೆ ಒಂದೇ ಕೋಡ್ ಸಾಲಿಗೊಂದು ಸುತ್ತಿನಂತೆ, ಓಡುತ್ತವೆ; ಒಂದು ಸುತ್ತು ಮುಗಿದರೂ ದರ ಇಟ್ಟುಕೊಂಡಿರುವ ವೇರಿಯೇಬಲನ್ನು ಪಿಎಚ್‌ಪಿ ಅಳಿಸುವುದಿಲ್ಲ. ಎರಡನೇ ಸಾಲು ಯಾವ ಷರತ್ತಿಗೂ ಹೊಂದದೆ ಹೋದಾಗ ಹಿಂದಿನ ಸಾಲಿನ ದರ ಅಲ್ಲೇ ಕೂತಿತ್ತು. ಕಪ್ಪು ಮಾಲು ಮೊದಲ ಸಾಲಿನಲ್ಲೇ ಇದ್ದಿದ್ದರೆ ದರ ಡಿಫೈನ್ ಆಗದೆ, ಲಾಗ್‌ನಲ್ಲಿ ಒಂದು ವಾರ್ನಿಂಗ್ ಬಿದ್ದು, ಮೊತ್ತ ಸೊನ್ನೆಯಾಗುತ್ತಿತ್ತು. ಸೊನ್ನೆ ಯಾರ ಕಣ್ಣಿಗಾದರೂ ಬೀಳುತ್ತದೆ. ಹಳೆಯ ದರ ಬೀಳುವುದಿಲ್ಲ.

ಮೇಲುಗಡೆ ದರಕ್ಕೆ 0 ಕೊಟ್ಟುಬಿಡು ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಲೂಪಿನ ಹೊರಗೆ ಕೊಟ್ಟರೆ ಇದೇ ತಪ್ಪು ಮತ್ತೆ ಆಗುತ್ತದೆ. ಒಳಗೆ ಕೊಟ್ಟರೆ ವಾರ್ನಿಂಗೂ ಇಲ್ಲದೆ ಪುಕ್ಕಟೆ ಬಿಲ್ ಅಚ್ಚಾಗುತ್ತದೆ. ರಿಯಾಯಿತಿ ಸೊನ್ನೆ ಇರಬಹುದು, ಅಲ್ಲಿ 0 ಸರಿ. ದರ ಸೊನ್ನೆ ಇರಲಾರದು.

ಹಾಗಾಗಿ ದರ ಹುಡುಕುವ ಕೆಲಸವನ್ನೇ ಬೇರೆ ಫಂಕ್ಷನ್‌ಗೆ (ಕೋಡಿನ ಪ್ರತ್ಯೇಕ ತುಂಡಿಗೆ) ಒಯ್ದೆ. ಅಲ್ಲಿ ಪ್ರತಿ ಕವಲೂ ಒಂದು ದರ ರಿಟರ್ನ್ ಮಾಡುತ್ತದೆ, ಕೊನೆಯ ಎಲ್ಸ್ 'ಈ ಮಾಲಿಗೆ ದರ ಇಲ್ಲ' ಎಂದು ಎಕ್ಸೆಪ್ಷನ್ ಎಸೆಯುತ್ತದೆ, ಅಂದರೆ ತಪ್ಪು ತೋರಿಸಿ ಕೆಲಸ ನಿಲ್ಲಿಸುತ್ತದೆ. ಬಿಲ್ ಅಚ್ಚಾಗುವುದೇ ಇಲ್ಲ. ಪಿಎಚ್‌ಪಿ 8 ಇದ್ದವರಿಗೆ ಇಫ್-ಎಲ್ಸ್ ಬದಲು ಬಳಸುವ ಮ್ಯಾಚ್ ಇನ್ನೂ ಸಲೀಸು: ಡಿಫಾಲ್ಟ್ (ಯಾವುದಕ್ಕೂ ಹೊಂದದಿದ್ದಾಗಿನ ಕವಲು) ಬರೆಯದಿದ್ದರೆ, ಪಟ್ಟಿಯಲ್ಲಿಲ್ಲದ ಮಾಲು ಬಂದಾಗ ಅದು ತಾನೇ ಎರರ್ ಕೊಟ್ಟು ನಿಲ್ಲುತ್ತದೆ.

ಆಮೇಲೆ ಇಡೀ ಪ್ರೋಗ್ರಾಂ ಮೇಲೆ, ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಪಿಎಚ್‌ಪಿಸ್ಟ್ಯಾನ್ ಎಂಬ ಟೂಲ್ ಓಡಿಸಿದೆ. ತಪಾಸಣೆಯ ಬಿಗಿ ಹೇಳುವ ಲೆವೆಲ್‌ಗಳಲ್ಲಿ 1ರಿಂದಲೇ ಅದು ಇಂಥ, ಕೆಲವು ಕವಲುಗಳಲ್ಲಷ್ಟೇ ಡಿಫೈನ್ ಆಗುವ ಅರೆಬರೆ ವೇರಿಯೇಬಲ್‌ಗಳನ್ನು ಹಿಡಿಯುತ್ತದೆ. ಹಮಾಲಿ ಲೆಕ್ಕದಲ್ಲಿ ಇನ್ನೊಂದು ಸಿಕ್ಕಿತು.

ಮರುದಿನ ಅಂಗಡಿಯಲ್ಲೇ ಕೂತು, ಎರಡು ತಿಂಗಳ ಬಿಲ್‌ಗಳಲ್ಲಿ ಕಪ್ಪು ಮಾಲು ಇದ್ದವನ್ನೆಲ್ಲ ಆರಿಸಿ, ಒಂದೊಂದೇ ತಾಳೆ ನೋಡಿ ತಿದ್ದಿಕೊಟ್ಟು ಬಂದೆ.