ಮಕ್ಕಳಿಗೆ ದೇವರಲ್ಲಿ ನಂಬಿಕೆ ಕಲಿಸೋಕೆ ಒಂದು ಅಕ್ಕಿ ಡಬ್ಬ

ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಲ್ಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಿ. ತಿಂಗಳ ಕೊನೆಗೆ ಚರ್ಚಿಗೋ, ಕಷ್ಟದಲ್ಲಿರುವ ಪಕ್ಕದ ಮನೆಗೋ ಕೊಡಿ. ಮಿಜೋರಾಮಿನ ಚರ್ಚ್ ಹೆಂಗಸರು 1910ರಿಂದ ಇದನ್ನೇ ಮಾಡುತ್ತಾ ಬಂದಿದ್ದಾರೆ. ಅಲ್ಲಿ ಇದಕ್ಕೆ ‘ಬುಹ್‌ಫಾಯ್ ಥಾಮ್’ ಅಂತ ಹೆಸರು. ಆ ಅಕ್ಕಿ ಮಾರಿದ ದುಡ್ಡು ಸುವಾರ್ತೆ ಕೆಲಸಕ್ಕೆ, ಅಂದರೆ ಯೇಸುವಿನ ಸಂದೇಶ ಸಾರೋ ಕೆಲಸಕ್ಕೆ, ಹೋಗುತ್ತದೆ.

ಹಿಡಿಯನ್ನು ಮಗುವಿನ ಕೈಯಲ್ಲೇ ಹಾಕಿಸಿ. ಚೆಲ್ಲುತ್ತೆ, ಚೆಲ್ಲಲಿ ಬಿಡಿ. ನಮ್ಮ ಚಿಕ್ಕವಳು ಮೊದಲ ವಾರ ಡಬ್ಬಕ್ಕಿಂತ ನೆಲಕ್ಕೇ ಜಾಸ್ತಿ ಹಾಕಿದ್ದಳು! ಈಗ ನಾನು ಮರೆತರೆ ಅವಳೇ ‘ಅಮ್ಮಾ, ದೇವರ ಹಿಡಿ’ ಅಂತ ಕೂಗುತ್ತಾಳೆ. ಉದ್ದ ಪ್ರಾರ್ಥನೆ ಬೇಡ, ‘ಕರ್ತನೇ, ಇದು ಹಸಿದವರಿಗೆ’ ಅಂದರೆ ಆಯ್ತು.

ಡಬ್ಬದಲ್ಲಿ ನಾಲ್ಕು ಒಣ ಬೇವಿನೆಲೆ ಇಡಿ, ಹುಳ ಕಮ್ಮಿ. ಮತ್ತೆ, ಸುಮ್ನೆ ಹಳೇ ಮುಗ್ಗಲು ಅಕ್ಕಿ ಸುರಿಯಬೇಡಿ. ನಾವು ಉಣ್ಣೋ ಅಕ್ಕಿಯೇ ಇರಲಿ.