ಐದು ಸಾವಿರ ಡಾಲರಿಗೆ ಟಾಪ್ ಇಳಿಸುವ ಕಾರು

ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಜನ ದುಡ್ಡಿನ ಲೆಕ್ಕ ಹಾಕುತ್ತಾರೆ. ಇಲ್ಲಿ ಸಿಲಿಕಾನ್ ವ್ಯಾಲಿಯಲ್ಲಿ ಪೋರ್ಷೆಗಳಿಗೇನೂ ಬರ ಇಲ್ಲ. ಬೆಳಗ್ಗೆ 101 ಹೆದ್ದಾರಿಯಲ್ಲಿ ಅವೂ ನಮ್ಮ ಟೊಯೋಟಾ ಕ್ಯಾಮ್ರಿಯ ಹಿಂದೆಯೇ ತೆವಳುತ್ತಿರುತ್ತವೆ. ನನಗೆ ಬೇಕಿದ್ದದ್ದು ಎರಡು ಸೀಟು, ಇಳಿಸುವ ಟಾಪ್, ಕೈಯಲ್ಲಿ ಹಾಕುವ ಗೇರು, ಎಲ್ಲೋ ಒಂದು ಗೀರು ಬಿದ್ದರೆ ನಿದ್ದೆ ಕೆಡದಷ್ಟು ಬೆಲೆ. ಹೀಗೆ ಹುಡುಕುತ್ತಾ ಹೋದರೆ ಬಹುತೇಕ ಎಲ್ಲರೂ ಬಂದು ನಿಲ್ಲುವುದು ಮಜ್ದಾ ಮಿಯಾಟಾ ಹತ್ತಿರ. ನಾನೂ ಅಲ್ಲೇ ಬಂದು ನಿಂತೆ.

1989ರ ಶಿಕಾಗೋ ಆಟೋ ಶೋದಲ್ಲಿ ಮಜ್ದಾ ಇದನ್ನು ಮೊದಲು ತೋರಿಸಿತು. ಅರವತ್ತರ ದಶಕದ ಲೋಟಸ್ ಎಲಾನ್‌ನಂಥ ಬ್ರಿಟಿಷ್ ಕಾರುಗಳ ಮಜಾ ಇರಬೇಕು, ಆದರೆ ಅವುಗಳ ಹಾಗೆ ಎಣ್ಣೆ ಸೋರಿಕೊಂಡು ದಾರಿಯಲ್ಲಿ ಕೈಕೊಡಬಾರದು ಅನ್ನೋದು ಲೆಕ್ಕಾಚಾರ. ಲೆಕ್ಕ ಸರಿಹೋಯಿತು. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಗಿ ಹೊರಬಂತು. ಇಷ್ಟೊಂದು ಮಾರಾಟವಾಗಿರುವುದರಿಂದಲೇ ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದು. ಯಾವ ಪಾರ್ಟ್ ಬೇಕೆಂದರೂ ಸಿಗುತ್ತೆ, ರಿಪೇರಿ ಗೊತ್ತಿರುವವರೂ ಸಿಗುತ್ತಾರೆ.

ಇದರಲ್ಲಿ ನಾಲ್ಕು ತಲೆಮಾರುಗಳಿವೆ. ದೀಪ ಮೇಲೆದ್ದು ಕಣ್ಣು ಬಿಡುವ ಮೊದಲನೆಯದು ಎಲ್ಲರಿಗೂ ಮುದ್ದು. ಆದರೆ ಈಗ ಸಂಗ್ರಹಕಾರರ ಕಣ್ಣು ಬಿದ್ದು ಒಳ್ಳೆಯದಕ್ಕೆ ಬೆಲೆ ಏರಿದೆ. 2006ರ ಮಾಡೆಲ್‌ನಿಂದ ಶುರುವಾಗುವ ಮೂರನೆಯದು ಸ್ವಲ್ಪ ದೊಡ್ಡದು, ಬಟನ್ ಒತ್ತಿದರೆ ಮಡಚಿಕೊಳ್ಳುವ ಗಟ್ಟಿ ಟಾಪ್ ಕೂಡ ಅದರಲ್ಲಿ ಸಿಗುತ್ತದೆ. 2016ರ ಮಾಡೆಲ್‌ನಿಂದ ಬಂದ ನಾಲ್ಕನೆಯದು ನನ್ನ ಬಜೆಟ್‌ನಲ್ಲಿ ಇರಲಿಲ್ಲ. ನಾನು ಆರಿಸಿದ್ದು 1999ರಿಂದ 2005ರ ಮಾಡೆಲ್‌ಗಳವರೆಗಿನ ಎರಡನೆಯದನ್ನು, ಇಲ್ಲಿನವರು ಎನ್‌ಬಿ ಅನ್ನೋದು ಇದಕ್ಕೇ. 1.8 ಲೀಟರ್ ಎಂಜಿನ್. ಹಿಂದಿನ ಕಿಟಕಿಗೆ ಗಾಜು, ಅದಕ್ಕೆ ಮಂಜು ಕರಗಿಸುವ ತಂತಿ. ಮೊದಲ ತಲೆಮಾರಿನಲ್ಲಿ ಅಲ್ಲಿ ಪ್ಲಾಸ್ಟಿಕ್ ಹಾಳೆ ಇತ್ತು, ಟಾಪ್ ಇಳಿಸುವ ಮುಂಚೆ ಅದರ ಜಿಪ್ ಬಿಚ್ಚಬೇಕಿತ್ತು. ಕಾಲ ಕಳೆದಂತೆ ಹಳದಿ ತಿರುಗಿ ಹಿಂದೆ ಏನೂ ಕಾಣದ ಹಾಗಾಗುತ್ತಿತ್ತು. ದಿನಾ ಓಡಿಸುವವರಿಗೆ ಈ ಗಾಜೊಂದೇ ಸಾಕು ಎನ್‌ಬಿ ಆರಿಸಲು.

ಊರಿನ ಗೆಳೆಯರು ಕೇಳುತ್ತಾರೆ, ಇದು ಇಂಡಿಯಾದಲ್ಲಿ ಸಿಗಲ್ವಾ ಅಂತ. ಮಜ್ದಾ ಅಲ್ಲಿ ಇದನ್ನು ಮಾರಲೇ ಇಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರ ಬಂದದ್ದು ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್. ಫೈಬರ್ ಮೈ, ರೆನೋ ಎಂಜಿನ್, ಎರಡೇ ಸೀಟು. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ರಸ್ತೆಯಲ್ಲಿ ಕೆಂಪು ಬಣ್ಣದ್ದೊಂದನ್ನು ನೋಡಿ ಬಸ್ಸಿನ ಕಿಟಕಿಯಿಂದ ಕತ್ತು ಚಾಚಿದ್ದೆ. ಹುಚ್ಚು ಅಲ್ಲಿಂದಲೇ ಹತ್ತಿರಬೇಕು.

ಕೊಳ್ಳುವ ವಿಷಯಕ್ಕೆ ಬರೋಣ. ಈ ಕಾರಿನಲ್ಲಿ ಮೈಲಿ ನೋಡಿ ಹೆದರಬೇಕಿಲ್ಲ, ಹೆದರಬೇಕಾದ್ದು ತುಕ್ಕಿಗೆ. ಎಂಜಿನ್ ಗಟ್ಟಿ, ಕೆಟ್ಟರೂ ಬದಲಿಸಬಹುದು. ಬಾಡಿ ಕೊಳೆತರೆ ಕಥೆ ಮುಗಿಯಿತು. ಅದಕ್ಕೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಿಂದ ಬಂದ ಕಾರುಗಳನ್ನು ನಾನು ಪಟ್ಟಿಗೇ ಸೇರಿಸಲಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಕಾರಿಗೂ ಒಂದು ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಮೂಲೆಯಲ್ಲಿರುವ ತೂತುಗಳಿಂದ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಆ ತೂತುಗಳಿಗೆ ಎಲೆ, ಮಣ್ಣು ಸೇರಿ ಕಟ್ಟಿಕೊಂಡರೆ ನೀರು ಒಳಗೇ ನಿಂತು, ಬಾಗಿಲಿನ ಕೆಳಗಿನ ಉದ್ದ ಪಟ್ಟಿಯನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ.

ಹಾಗಾಗಿ ಕಾರು ನೋಡಲು ಹೋದ ಕಡೆಯೆಲ್ಲ ಒಂದು ಬಾಟಲಿ ನೀರು ಹಿಡಿದುಕೊಂಡೇ ಹೋಗುತ್ತಿದ್ದೆ. ಮಾರುವವರ ಅನುಮತಿ ಕೇಳಿ, ಟಾಪ್ ಅರ್ಧ ಎತ್ತಿ, ಸೀಟ್ ಬೆಲ್ಟ್ ಬುಡದ ಹಿಂದಿನ ಮೂಲೆಗೆ ನಿಧಾನವಾಗಿ ನೀರು ಸುರಿಯುವುದು. ಆಮೇಲೆ ಬಗ್ಗಿ ಕಾರಿನ ಅಡಿ ನೋಡುವುದು. ಧಾರೆ ಸಲೀಸಾಗಿ ಬಿದ್ದರೆ ಸರಿ. ತೊಟ್ಟಿಕ್ಕಿದರೆ ಸೀಟಿನ ಹಿಂದಿನ ಕಾರ್ಪೆಟ್ ಕೆಳಗೆ ಕೈ ಹಾಕಿ ನೋಡಬೇಕು. ಒದ್ದೆ ಇದ್ದರೆ ನಮಸ್ಕಾರ ಹೇಳಿ ಹೊರಡುತ್ತಿದ್ದೆ. ಸ್ಯಾನ್ ಹೋಸೆಯಲ್ಲಿ ಒಬ್ಬ ಹುಡುಗ "ಕಾರು ಕೊಳ್ಳೋಕೆ ಬಂದಿದ್ದೀರೋ, ತೊಳೆಯೋಕೋ" ಅಂತ ನಕ್ಕ. ಅವನ ಕಾರಿನ ಬಲಗಡೆ ಒಂದು ಹನಿಯೂ ಕೆಳಗೆ ಬರಲಿಲ್ಲ.

ನೋಡಬೇಕಾದ ಇನ್ನೊಂದು ಸಣ್ಣ ವಿಷಯ ಇದೆ. ಬಾನೆಟ್, ಫೆಂಡರ್ (ಚಕ್ರದ ಮೇಲಿನ ತಗಡು), ಬಾಗಿಲುಗಳ ಒಳಬದಿಯಲ್ಲಿ ಕಂಪನಿ ಅಂಟಿಸಿದ ವಿಐಎನ್, ಅಂದರೆ ಆ ಕಾರಿನ ಗುರುತಿನ ಸಂಖ್ಯೆಯ ಸ್ಟಿಕ್ಕರ್ ಇರುತ್ತದೆ. ಒಂದು ಫೆಂಡರಿನಲ್ಲಿ ಇಲ್ಲ ಅಂದರೆ ಅದು ಬದಲಾಗಿರಬಹುದು, ಅಂದರೆ ಎಲ್ಲೋ ಗುದ್ದಿರಬಹುದು. ಹಾಗಂತ ಕಾರು ಬೇಡವೆಂದೇನಲ್ಲ, ಬೆಲೆ ಇಳಿಸೋಕೆ ಮಾತು ಸಿಗುತ್ತದೆ. ಟೈರಿನ ಬದಿಯಲ್ಲಿ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ವಾರಕ್ಕೊಮ್ಮೆ ಓಡುವ ಇಂಥ ಕಾರುಗಳಲ್ಲಿ ಟೈರಿನ ಮೇಲಿನ ಗೀರುಗಳು ಹೊಸದರಂತೆ ಆಳವಾಗಿರುತ್ತವೆ, ರಬ್ಬರು ಮಾತ್ರ ಮುದಿಯಾಗಿ ಕಲ್ಲಾಗಿರುತ್ತೆ.

ಕೊನೆಗೆ ನನ್ನದಾದದ್ದು ಫ್ರೀಮಾಂಟ್‌ನ ಒಬ್ಬ ಹಿರಿಯರ 2002ರ ಕಾರು, ಬೆಳ್ಳಿ ಬಣ್ಣದ್ದು. ಲಕ್ಷ ಮೈಲಿ ದಾಟಿತ್ತು. ಆದರೆ ಅವರು ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟರು. ಆಯಿಲ್ ಬದಲಿಸಿದ ಪ್ರತಿ ರಸೀದಿ, ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಒಟ್ಟಿಗೆ ಹಾಕಿಸಿದ ಬಿಲ್ಲು, ಎಲ್ಲ ತಾರೀಖಿನ ಪ್ರಕಾರ. ಈ ಎಂಜಿನ್ನಿಗೆ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಿಸುವುದು ವಾಡಿಕೆ, ಆ ಬಿಲ್ಲಿಗೆ ಬೆಲೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಸರ್ಟಿಫಿಕೇಟ್ (ಹೊಗೆ ತಪಾಸಣೆಯ ಪತ್ರ) ಕೊಡಬೇಕಾದ್ದು ಮಾರುವವರ ಜವಾಬ್ದಾರಿ, ಅದೂ 90 ದಿನಕ್ಕಿಂತ ಹಳೆಯದಾಗಿರಬಾರದು. "ನೀವೇ ಮಾಡಿಸಿಕೊಳ್ಳಿ, ಪಾಸ್ ಆಗುತ್ತೆ" ಅನ್ನುವವರ ಹತ್ತಿರ ಹುಷಾರು. 2000 ಮತ್ತು ಆಮೇಲಿನ ಕಾರುಗಳಿಗೆ ಕಂಪ್ಯೂಟರ್ ಜೋಡಿಸಿ ಓದುತ್ತಾರೆ. ಎಂಜಿನ್ ದೋಷ ತೋರಿಸುವ ಲೈಟ್ ಆರಿಸೋಕೆ ಯಾರಾದರೂ ಬ್ಯಾಟರಿ ಕಳಚಿದ್ದರೆ ಅದು ಗೊತ್ತಾಗಿ ಪಾಸ್ ಆಗುವುದಿಲ್ಲ. ಹಿರಿಯರು ಸ್ಮಾಗ್ ಸರ್ಟಿಫಿಕೇಟನ್ನೂ ಫೈಲಿನಲ್ಲಿ ಇಟ್ಟಿದ್ದರು. ಚೌಕಾಸಿ ಮಾಡೋಕೆ ಮನಸ್ಸೇ ಬರಲಿಲ್ಲ, ಆದರೂ ಸ್ವಲ್ಪ ಮಾಡಿದೆ. 5,200 ಡಾಲರಿಗೆ ಮುಗಿಯಿತು.

ತಂದ ಮೇಲೆ ಹೊಸ ಟೈರು, ಎಲ್ಲ ಆಯಿಲ್‌ಗಳು, ಕ್ಲಚ್ಚಿನ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳುವ ಪುಟ್ಟ ಭಾಗ) ಹಾಕಿದೆ. ಈ ಕೊನೆಯದು ಮಿಯಾಟಾಗಳ ಹಳೆ ಕಾಯಿಲೆ, ಇದ್ದಕ್ಕಿದ್ದಂತೆ ಸೋರಿ ಕ್ಲಚ್ ಪೆಡಲ್ ನೆಲಕ್ಕೆ ಹೋಗಿಬಿಡುತ್ತೆ. ಪಾರ್ಟ್ ಅಗ್ಗ, ಎರಡು ಬೋಲ್ಟು, ಒಂದು ಪೈಪು. ಡ್ರೈವ್‌ವೇನಲ್ಲೇ ಮಲಗಿ ನಾನೇ ಹಾಕಿಕೊಂಡೆ. ಹೊಸ ಕಾರಿನ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳವೊಂದೇ ಕಾಣುತ್ತೆ ಅಲ್ವಾ, ಇಲ್ಲಿ ಎಲ್ಲವೂ ಕೈಗೆ ಸಿಗುತ್ತದೆ.

ಇನ್ನು ಓಡಿಸುವ ಸುಖ. ಸುಮಾರು 140 ಎಚ್‌ಪಿ ಅಷ್ಟೇ, ಸಿಗ್ನಲ್ಲಿನಲ್ಲಿ ಟೆಸ್ಲಾ ಪಕ್ಕ ನಿಂತರೆ ಮರ್ಯಾದೆ ಉಳಿಯೋದಿಲ್ಲ. ಆದರೆ ತೂಕ 1,100 ಕಿಲೋ ಒಳಗೆ. ವುಡ್‌ಸೈಡ್‌ನಿಂದ 84ನೇ ಹೆದ್ದಾರಿ ಹಿಡಿದು ಬೆಟ್ಟದ ನೆತ್ತಿಯ ಸ್ಕೈಲೈನ್ ರಸ್ತೆಗೆ ಹತ್ತಿ, ಲಾ ಹೋಂಡಾ ದಾಟಿ ಸ್ಯಾನ್ ಗ್ರೆಗೋರಿಯೋ ಕಡಲಿಗೆ ಇಳಿಯುವ ದಾರಿ ಬರೀ ತಿರುವು. ಅಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ನನ್ನು ಕೂಗಿಸಿ, ಮೂರಕ್ಕೆ ಹಾಕಿ, ತಿರುವಿಗೆ ಮತ್ತೆ ಎರಡಕ್ಕೆ ಇಳಿಸಿದರೂ ಪೊಲೀಸರು ಹಿಡಿಯುವಷ್ಟು ವೇಗ ಆಗಿರೋದಿಲ್ಲ. ಪೋರ್ಷೆಯಲ್ಲಿ ಇದೇ ಮಜಾ ಪಡೆಯೋಕೆ ಹೋದರೆ ಲೈಸೆನ್ಸ್ ಹೋಗುತ್ತದೆ. ರೆಡ್‌ವುಡ್ ಕಾಡಿನೊಳಗೆ ಬರುತ್ತಿದ್ದಂತೆ ಗಾಳಿ ತಣ್ಣಗಾಗುವುದು, ಒದ್ದೆ ಮಣ್ಣಿನ ವಾಸನೆ, ಕಡಲು ಕಾಣುವ ಮುಂಚೆಯೇ ಮೂಗಿಗೆ ಬರುವ ಉಪ್ಪು, ಇದೆಲ್ಲ ಕ್ಯಾಮ್ರಿಯಲ್ಲಿ ಎಷ್ಟೋ ವರ್ಷ ಅದೇ ದಾರಿಯಲ್ಲಿ ಹೋದರೂ ನನಗೆ ಗೊತ್ತಿರಲಿಲ್ಲ.

ಟಾಪ್ ಇಳಿಸೋಕೆ ಮೋಟಾರಿಲ್ಲ. ಮುಂದಿನ ಎರಡು ಕೊಂಡಿ ಬಿಚ್ಚಿ, ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ಎಸೆದರೆ ಆಯಿತು. ಬೇಸಿಗೆಯ ನಡುಮಧ್ಯಾಹ್ನ ಇದಕ್ಕೆ ಒಳ್ಳೆ ಸಮಯ ಅಲ್ಲ, ನೆತ್ತಿ ಸುಡುತ್ತೆ. ನನ್ನ ಪ್ರಕಾರ ಚಳಿಗಾಲದ ರಾತ್ರಿಯೇ ಸರಿ. ಕಿಟಕಿ ಏರಿಸಿ, ಹೀಟರನ್ನು ಕಾಲಿಗೆ ಬಿಟ್ಟುಕೊಂಡರೆ ಕಾಲು ಬೆಚ್ಚಗೆ, ಮುಖ ತಣ್ಣಗೆ. ಹಾಸನದಿಂದ ಬಂದಿದ್ದ ಅಮ್ಮ ಮೊದಲ ದಿನ, "ಅಲ್ಲ ಕಣೋ, ದುಡ್ಡು ಕೊಟ್ಟು ಯಾರಾದ್ರೂ ಸೂರಿಲ್ಲದ ಕಾರು ತಗೋತಾರಾ?" ಅಂದರು. ಆಮೇಲೆ ಮಂಕಿ ಟೋಪಿ ಹಾಕಿಕೊಂಡು ಕಡಲ ದಂಡೆಯ ಹಾಫ್ ಮೂನ್ ಬೇವರೆಗೂ ಬಂದರು. ವಾಪಸ್ ಬರುವಾಗ ಟಾಪ್ ಹಾಕೋಕೆ ಹೋದರೆ ಬೇಡವೆಂದರು.

ತೊಂದರೆಗಳೂ ಇವೆ. ಹೆದ್ದಾರಿಯಲ್ಲಿ ಸದ್ದು ಜಾಸ್ತಿ, ಫೋನಿನಲ್ಲಿ ಮಾತಾಡೋಕೆ ಆಗಲ್ಲ. ಡಿಕ್ಕಿ ಚಿಕ್ಕದು, ಅದರಲ್ಲೂ ಒಂದು ಮೂಲೆ ಬ್ಯಾಟರಿಗೆ ಹೋಗಿದೆ. ಇಂಡಿಯನ್ ಸ್ಟೋರಿನಿಂದ ತಂದ ಸೋನಾ ಮಸೂರಿ ಮೂಟೆಗೆ ಪಕ್ಕದ ಸೀಟೇ ಗತಿ. ಪೇಟೆಯಲ್ಲಿ ನಿಲ್ಲಿಸುವಾಗ ಒಳಗೆ ಏನೂ ಬಿಡದೆ ಬಾಗಿಲಿಗೆ ಬೀಗ ಹಾಕದೇ ಹೋಗುತ್ತೇನೆ. ಕಳ್ಳ ಬಾಗಿಲು ತೆಗೆದು ನೋಡಿಕೊಂಡು ಹೋಗಲಿ, ಬಟ್ಟೆ ಟಾಪ್ ಕೊಯ್ದರೆ ಹೊಸದು ಹಾಕಿಸೋಕೆ ಸಾವಿರ ಡಾಲರಿಗೂ ಮೇಲೆ ಬೇಕು. ಮನೆಯಲ್ಲಿ ಇದೊಂದೇ ಕಾರು ಇಟ್ಟುಕೊಂಡು ಮಕ್ಕಳನ್ನು ಸಾಕೋಕಂತೂ ಆಗುವುದಿಲ್ಲ. ಮತ್ತೆ, ಆರಡಿ ದಾಟಿದವರು ದುಡ್ಡು ಎಣಿಸುವ ಮುಂಚೆ ಟಾಪ್ ಮುಚ್ಚಿಕೊಂಡು ಒಳಗೆ ಹತ್ತು ನಿಮಿಷ ಕೂತು ನೋಡಿ. ನನ್ನ ಭಾವ ಆರಡಿ ಎರಡಿಂಚು, ಟಾಪ್ ಇಳಿಸಿದಾಗ ಮಾತ್ರ ನನ್ನ ಜೊತೆ ಬರುತ್ತಾರೆ.